ಉಪವಾಸ ಮಾಡದ ಮೊಲ

ಸೇಡಂ ಊರಿನಲ್ಲಿ ಒಂದು ಬಿಳಿ ಮೊಲವಿತ್ತಂತೆ. ವೈಷ್ಣವರ ಮನೆಯೊಂದರ ತುಳಸಿಕಟ್ಟೆಯ ಬಳಿ ಇರುತ್ತಿತ್ತಂತೆ. ಜ್ಯೇಷ್ಠ ಮಾಸದ ಏಕಾದಶಿಯಂದು ಮನೆಯವರೊಡನೆ ತಾನೂ ಹುಲ್ಲು ನೀರು ಮುಟ್ಟದೆ ಉಪವಾಸವಿದ್ದು, ದ್ವಾದಶಿಯ ದಿನ ದೇಹ ಬಿಟ್ಟಿತಂತೆ. ಈ ಕಥೆಯನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕುಳಿತಿದ್ದಾಗಲೂ ಒಮ್ಮೆ ಕೇಳಿದ್ದೇನೆ. ಹೇಳುವವರ ಕಣ್ಣು ಒದ್ದೆಯಾಗಿರುತ್ತದೆ. ಆ ಮೊಲವನ್ನು ಆ ಮನೆಗೆ ಕೊಟ್ಟವನು ನಾನು. ಅದು ಪ್ರಾಣ ಬಿಡುವಾಗ ಅದರ ಹೊಟ್ಟೆಯ ಮೇಲಿದ್ದದ್ದು ನನ್ನ ಕೈ. ಅದು ಉಪವಾಸ ಮಾಡಲಿಲ್ಲ. ಅದಕ್ಕೆ ಆ ದಿನ ಯಾರೂ ಹುಲ್ಲು ಹಾಕಲಿಲ್ಲ. ಇಷ್ಟನ್ನೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಕಥೆ ಹುಟ್ಟಿದ ಮೇಲೆ ಏನು ಮಾಡಿತು ಎಂಬುದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಚಿತ್ತಾಪುರ ತಾಲ್ಲೂಕಿನ ಒಂದು ಕಾರ್ಖಾನೆಯ ಕಾಲೋನಿಯಲ್ಲಿ ನಾನು ತೋಟದ ಆಳುಗಳ ಮೇಲೆ ಮುಕಾದಮನಾಗಿದ್ದೆ. ಕಾರ್ಖಾನೆ ಈಗಿಲ್ಲ; ಹೆಸರು ಬೇಡ. ಕಾಲೋನಿಯ ಕಲ್ಯಾಣ ಸಮಿತಿಯವರಿಗೆ ಮಕ್ಕಳ ಉದ್ಯಾನದಲ್ಲಿ ಮೊಲಗಳಿರಬೇಕೆನಿಸಿತು. ಸಮಿತಿಯ ಕಾರ್ಯದರ್ಶಿಗಳು ಹೈದರಾಬಾದಿಗೆ ಹೋದಾಗ ಬಿದಿರು ಬುಟ್ಟಿಯಲ್ಲಿ ಎರಡು ಬಿಳಿ ಮೊಲ ತಂದರು. ಮಾರಿದವನು ಅವರಿಗೆ ಮೂರು ಮಾತು ಹೇಳಿ ಕಳಿಸಿದ್ದ: ಎರಡೂ ಹೆಣ್ಣು, ಅಕ್ಕತಂಗಿ; ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತದೆ; ಎತ್ತುವಾಗ ಕಿವಿ ಹಿಡಿದು ಎತ್ತಬೇಕು. ಆ ಮಾತುಗಳು ಬೇಲಿಯ ಫಲಕದ ಮೇಲೆ ಬಣ್ಣದಲ್ಲಿ ಮೂಡಿದವು.

ಬರೆದದ್ದನ್ನು ಬರೆದವರ ಮುಖ ನೋಡಿ ನಂಬುವ ಅಭ್ಯಾಸ ನನಗಿಲ್ಲ. ಶಾಲೆಯಲ್ಲಿ ಕಲಿತದ್ದು ಕಡಿಮೆಯಾದ್ದರಿಂದ ಪ್ರತಿಯೊಂದನ್ನೂ ಕಣ್ಣಿನಿಂದಲೇ ಕಲಿಯಬೇಕಾಯಿತು. ಮೊದಲ ದಿನವೇ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ಮರೆಯಲ್ಲಿ ಕುಳಿತೆ. ದೊಡ್ಡ ಮೊಲ ಬಂದು ಮೂಗಾಡಿಸಿ, ಕುಡಿದು, ಉಸಿರು ತೆಗೆದುಕೊಂಡು ಮತ್ತೆ ಕುಡಿಯಿತು. ಮರುದಿನ ಸಾಯಲಿಲ್ಲ. ಹಸಿ ಹುಲ್ಲು ತಿನ್ನುವ ಮೊಲ ತಂಪು ನಾಡಿನಲ್ಲಿ ಕಡಿಮೆ ನೀರಿನಲ್ಲಿ ಬದುಕೀತು. ನಮ್ಮ ಬಂಡೆಗಾಡಿನ ಬೇಸಿಗೆಯಲ್ಲಿ ಬದುಕದು. ಎರಡನ್ನೂ ಮಡಿಲಲ್ಲಿ ಅಂಗಾತ ಮಲಗಿಸಿ, ಬಾಲದ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಗಂಡಿನದು ದುಂಡಗೆ ಹೊರಬರುತ್ತದೆ, ಹೆಣ್ಣಿನದು ಸೀಳಿನಂತೆ ಕಾಣುತ್ತದೆ. ಅಕ್ಕತಂಗಿಯರಲ್ಲಿ ಒಬ್ಬಳು ಗಂಡಾಗಿದ್ದಳು. ಬೇರೆ ಬೇರೆ ಇಡೋಣವೆಂದು ಹೇಳಿದೆ. ಮಕ್ಕಳು ಜೋಡಿಯನ್ನೇ ನೋಡಬಯಸುತ್ತಾರೆ ಎಂದು ಸಮಿತಿ ಒಪ್ಪಲಿಲ್ಲ. ತಿಂಗಳೊಳಗೆ ಹೆಣ್ಣು ಎದೆಯ ತುಪ್ಪಳ ಕಿತ್ತು ಗೂಡು ಮಾಡತೊಡಗಿತು.

ನಮ್ಮ ಸೀಮೆಯವರಿಗೆ ಕಲ್ಲೇ ದೈವ. ಗೋಡೆ ಕಲ್ಲು, ಮಾಳಿಗೆ ಕಲ್ಲು, ನೀರಿನ ತೊಟ್ಟಿ ಕಲ್ಲು, ಅಡುಗೆಮನೆಯ ಮಾಡ ಕಲ್ಲು. ಮೊಲದ ಮನೆಯನ್ನೂ ನುಣುಪಾದ ಶಹಾಬಾದಿ ಫರ್ಸಿ ಕಲ್ಲಿನಿಂದ ಕಟ್ಟಿಸಿದ್ದರು. ತೊಳೆದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೊಲಕ್ಕೆ ನಾಯಿಯ ಕಾಲಿನಂತೆ ಮೆತ್ತೆಯಿಲ್ಲ, ಅಂಗಾಲಿನಲ್ಲಿ ಇರುವುದು ತುಪ್ಪಳ ಮಾತ್ರ. ಗಟ್ಟಿ ನೆಲ, ಮೇಲೆ ಸದಾ ತೇವ. ಹಿಂಗಾಲಿನ ತುಪ್ಪಳ ಉದುರಿ, ಚರ್ಮ ಕೆಂಪಾಗಿ, ಹುಣ್ಣಾಯಿತು. ನಾನು ಫರ್ಸಿಯ ಮೇಲೆ ಹಲಗೆ ಜೋಡಿಸಿ, ಅದರ ಮೇಲೆ ಒಣಹುಲ್ಲು ದಪ್ಪಗೆ ಹರಡಿ, ಹುಣ್ಣಿಗೆ ಬೇವಿನೆಣ್ಣೆ ಹಚ್ಚಿದೆ. ಕಲ್ಲಿನ ಮಾಡಿನ ಮೇಲೆ ಗೋಣಿಚೀಲ ಹಾಸಿ ಮಧ್ಯಾಹ್ನವೆಲ್ಲ ನೀರು ಹನಿಸಿದೆ. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಮೈಯ ಕಾವು ಬಿಡುತ್ತದೆ. ಅಂಥ ಕಿವಿಯನ್ನು ಹಿಡಿದೆತ್ತಲು ಹೇಳುವ ಫಲಕವನ್ನು ನಾನೇ ಕಿತ್ತು ಗೂಡಿನ ಹಲಗೆಗೆ ಸೇರಿಸಿದೆ. ಅದಕ್ಕೊಂದು ನೋಟೀಸು ಬಂತು. ಬರಲಿ ಎಂದೆ.

ಒಬ್ಬ ಅಧಿಕಾರಿಯ ಮನೆಯವರು ಒಂದು ಮರಿ ಒಯ್ದು ವಾರದೊಳಗೆ ಮರಳಿಸಿದರು. ತನ್ನ ಹೊಲಸನ್ನು ತಾನೇ ತಿನ್ನುವ ಪ್ರಾಣಿ ಮನೆಗೆ ಬೇಡವೆಂಬುದು ಅವರ ದೂರು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ: ಒಂದು ಒಣ ಗುಂಡು, ಇನ್ನೊಂದು ಮೆತ್ತಗಿನ ಗೊಂಚಲು. ಎರಡನೆಯದನ್ನು ಬಾಯಿ ಹಚ್ಚಿ ನುಂಗಿಬಿಡುತ್ತದೆ, ಹಸು ಮೆಲುಕು ಹಾಕುವುದಕ್ಕೆ ಸಮನಾಗಿ. ಅವರು ಅದನ್ನು ತಪ್ಪಿಸಲು ಕೊರಳಿಗೆ ರಟ್ಟು ಕಟ್ಟಿದ್ದರು. ಮರಿ ಸೊರಗಿ ಬಂದಿತ್ತು. ಅದನ್ನು ಉಳಿಸುವ ಹೊತ್ತಿನಲ್ಲಿ ನಾನು ಕಲಿತದ್ದು ಒಂದೇ: ಮೊಲದ ಕರುಳು ಬೀಸುಕಲ್ಲಿನಂತೆ ಸದಾ ತಿರುಗುತ್ತಿರಬೇಕು. ಹಗಲಿರುಳು ಒಣಹುಲ್ಲು ಒಳಗೆ ಹೋಗುತ್ತಿರಬೇಕು. ಕರುಳು ನಿಂತರೆ ಮತ್ತೆ ತಿರುಗಿಸುವುದು ದನದ ವೈದ್ಯರಿಗೂ ಕಷ್ಟ.

ಮುಂದಿನ ಬೇಸಿಗೆಯ ಹೊತ್ತಿಗೆ ಬೇಲಿಯೊಳಗೆ ಮೊಲಗಳು ತುಂಬಿದವು. ಕಾರ್ಯದರ್ಶಿಗಳು ಬಂದು ನಿಂತರು.

"ಮುಕಾದಮ್ರೆ, ನಿಮ್ಮ ಅಕ್ಕತಂಗೇರ ಸಂಸಾರ ಭಾಳ ಬೆಳೀಲಿಕತ್ತದ ನೋಡ್ರಿ."

"ಅಕ್ಕತಂಗಿ ಅಂತ ತಂದವ್ರು ನೀವೇ ಅಲ್ರಿ, ಸಾಹೇಬ್ರೆ."

"ಇರ್ಲಿ ಬಿಡ್ರಿ. ಮಿರಗದ ಮಳಿ ಬೀಳೂದ್ರೊಳಗ ಯಾರಿಗಾರ ಕೊಟ್ಟು ಮುಗಸ್ರಿ. ಆದ್ರ ಮಾಂಸ ತಿನ್ನೂ ಮನಿಗಿ ಕೊಡಂಗಿಲ್ಲ. ಉಳಿದವನ್ನ ಜೀಪಿನ್ಯಾಗ ಹಾಕ್ಕೊಂಡು ಚಂದ್ರಂಪಳ್ಳಿ ಅಡವಿಗಿ ಬಿಟ್ಟು ಬರ್ತೀವಿ. ಅಡವಿ ಪ್ರಾಣಿ ಅಡವಿಗಿ."

"ಇವು ಅಡವಿ ಕಂಡ ಪ್ರಾಣಿ ಅಲ್ರಿ. ಬೆಳ್ಳನ ಮೈ, ಕತ್ತಲದಾಗೂ ಕಾಣ್ತದ. ನಾಯಿ ಬಂದ್ರ ಓಡಬೇಕಂತ ಸುದ್ದಾ ಗೊತ್ತಿಲ್ಲ. ಒಂದ್ ರಾತ್ರಿ ಉಳಿಯಂಗಿಲ್ಲ."

"ಹುಟ್ಟಿಸಿದಾಂವ ಹುಲ್ಲು ಮೇಯಿಸ್ತಾನ ಬಿಡ್ರಿ," ಎಂದು ಅವರು ಹೋದರು.

ಕೊಟ್ಟು ಮುಗಿಸುವುದು ಸುಲಭವಿತ್ತು. ಕೇಳುವವರು ಬೇಲಿಯ ಬಳಿ ಸಾಲಾಗಿ ನಿಲ್ಲುತ್ತಿದ್ದರು. ಆದರೆ ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹಿರಿಯರು ಹೋಗಿ ಗಂಡಿನ ಮನೆ ನೋಡಿಬರುವುದುಂಟು. ಬಾವಿ ಎಷ್ಟು ದೂರ, ಅತ್ತೆಯ ಬಾಯಿ ಹೇಗೆ, ದನ ಮೈ ತುಂಬಿಕೊಂಡಿವೆಯೋ ಇಲ್ಲವೋ ಎಂದು ಮಾತಿನ ನಡುವೆ ಕಣ್ಣಾಡಿಸುತ್ತಾರೆ. ನಾನು ಅದೇ ಪದ್ಧತಿ ಹಿಡಿದೆ. ಮನೆ ನೋಡದೆ ಮೊಲ ಕೊಡುವುದಿಲ್ಲವೆಂದೆ. ಒಂದು ಮನೆಗೆ ಗಂಡು ಹೆಣ್ಣು ಎರಡನ್ನೂ ಕೊಡುವುದಿಲ್ಲವೆಂದೆ. ರಜೆಯ ದಿನ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿ, ಶಹಾಬಾದ, ಸೇಡಂ ಸುತ್ತಿದೆ. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ? ನೆರಳು ಯಾವ ಗೋಡೆಯದು? ಊರಿಗೆ ಹೋದಾಗ ನೋಡುವವರು ಯಾರು? ನಾಯಿ ಇದೆಯೇ? ಮಾಡಿನ ಮೇಲೆ ಕೋತಿ ಬರುತ್ತವೆಯೇ? ಜನ ನನ್ನನ್ನು ಕಂಡರೆ "ಮೊಲದ ಬೀಗರು ಬಂದ್ರು" ಎನ್ನತೊಡಗಿದರು.

ವಾಡಿಯ ಒಬ್ಬ ಗುಮಾಸ್ತ ಮಾಳಿಗೆಯ ಮೇಲಿನ ತಗಡಿನ ಕೋಣೆ ತೋರಿಸಿದ. ಒಳಗೆ ಕೈಯಿಟ್ಟರೆ ಸುಡುತ್ತಿತ್ತು. ಕೊಡುವುದಿಲ್ಲವೆಂದೆ.

"ಒಂದು ಮೊಲಕ್ಕ ಇಷ್ಟ್ಯಾಕ್ರಿ ತಪಾಸಣಿ? ನಮ್ಮ ತಂಗೀನ ಕೊಡೂ ಮುಂದ ನಮ್ಮಪ್ಪ ಇಷ್ಟು ಕೇಳಿದ್ದಿಲ್ಲ."

"ಕೇಳಬೇಕಿತ್ತು ನೋಡ್ರಿ," ಎಂದು ಇಳಿದು ಬಂದೆ. ಅವನ ಮುಖ ಸಣ್ಣದಾಯಿತು. ತಂಗಿಯ ಸಂಗತಿ ನನಗೇನೂ ಗೊತ್ತಿರಲಿಲ್ಲ.

ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಹಾಕುವವರ ಮನೆಯೊಂದನ್ನು ನೋಡಿದೆ. ಕೋಳಿ ಸಾಕಿದ್ದರು, ತಿನ್ನುತ್ತಿದ್ದರು. ಸಮಿತಿಯ ನಿಯಮದಂತೆ ಅಲ್ಲಿಗೆ ಹೆಜ್ಜೆಯನ್ನೇ ಇಡಬಾರದಿತ್ತು. ಮನೆಯಾಕೆ ಒದ್ದೆ ಗೋಣಿ ಹೊದಿಸಿದ ಮಡಕೆಗಳ ಪಕ್ಕದ ಜಾಗ ತೋರಿಸಿದಳು.

"ನೀವೇನ್ ವಿಚಾರ ಮಾಡ್ಲಿಕತ್ತೀರಿ ನನಗ ತಿಳೀತದ, ಕಾಕಾ. ತಿನ್ನೂದಾದ್ರ ಕೋಳಿ ಅದಾವ. ಇದಕ್ಕ ಹೆಸರಿಟ್ಟ ಮ್ಯಾಲ ಯಾರ್ ತಿಂತಾರ್ರಿ?"

"ಏನ್ ಹೆಸರಿಡ್ತಿ?"

"ಗಂಡಾದ್ರ ನವಾಬ. ಹೆಣ್ಣಾದ್ರೂ ನವಾಬನೇ. ಕುಂದ್ರೂ ಢಂಗ ಹಂಗೇ ಅದ ಅಲ್ರಿ ಅದರದು!"

ಕೊಟ್ಟೆ. ಸುದ್ದಿ ಸಮಿತಿಗೆ ಮುಟ್ಟಿ, "ಮುಕಾದಮ ಮೊಲಾನ ಕೊಯ್ಯೂ ಮನಿಗಿ ಕೊಟ್ಟಾನ" ಎಂದಾಯಿತು. ಇನ್ನು ಮುಂದೆ ಸಮಿತಿ ಹೇಳಿದ ಮನೆಗೇ ಕೊಡಬೇಕೆಂದು ಕಾರ್ಯದರ್ಶಿಗಳು ಆಜ್ಞೆ ಮಾಡಿದರು. ಅವರು ಹೇಳಿದ ಮೊದಲ ಮನೆಯೇ ಸೇಡಂನದು. ಮನೆಯ ಯಜಮಾನರು ಶಾಲೆಯ ಮಾಸ್ತರು, ಬೆಳಗು ಸಂಜೆ ಗುಡಿಯ ಪೂಜೆಯೂ ಅವರದೇ. ಮನೆಯಲ್ಲಿ ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ನಾನು ಹಟ ಹಿಡಿದು ಆ ಮನೆಯನ್ನೂ ನೋಡಿಯೇ ಕೊಡುವೆನೆಂದು ಹೋದೆ.

ಕುಂದು ಹೇಳಲು ಅಲ್ಲಿ ಒಂದೂ ಇರಲಿಲ್ಲ. ಹಿತ್ತಲಿನಲ್ಲಿ ಬಾವಿ, ಬೇವಿನ ನೆರಳು, ಮಣ್ಣಿನ ನೆಲ, ಕಟ್ಟೆಯ ಸುತ್ತ ಗರಿಕೆ. ಅಜ್ಜಿ ದಿನವಿಡೀ ಮನೆಯಲ್ಲೇ. ಕಾಲು ಹುಣ್ಣಾಗಿ ಮಾಗಿದ್ದ ನನ್ನ ಮೊದಲ ಹೆಣ್ಣುಮೊಲವನ್ನೇ ಆ ಮನೆಗೆ ಆರಿಸಿದೆ. ಆಕೆ ಅದನ್ನು ಎದೆಗವಚಿಕೊಂಡ ರೀತಿಯನ್ನು ತಿದ್ದಬೇಕಾಗಲಿಲ್ಲ: ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ.

"ಹೆಂಗಸು ಏನು ತಮ್ಮಾ ಇದು? ಹಡದದ?"

"ಭಾಳ ಸಲ ಹಡದದ ಅವ್ವಾರ. ಇನ್ನ ಸಾಕು ಅದಕ್ಕ."

"ನನಗೂ ಹಂಗೇ ಅನ್ನಸ್ತಿತ್ತು. ಯಾರ್ ಕೇಳ್ತಿದ್ರು!" ಎಂದು ನಕ್ಕರು.

ಹುಲ್ಲು ಎಂದೂ ತಪ್ಪಬಾರದು, ನೀರು ಬತ್ತಬಾರದು ಎಂದು ಹೇಳಿದೆ. "ತಪ್ಪಂಗಿಲ್ಲ, ಹೋಗು" ಎಂದರು. ನನ್ನ ಪ್ರಶ್ನೆಗಳೆಲ್ಲ ಮುಗಿದವೆಂದುಕೊಂಡೆ. ಮನೆಯಲ್ಲಿ ಯಾರೂ ಏನೂ ತಿನ್ನದ ದಿನಗಳಿವೆಯೇ ಎಂಬ ಪ್ರಶ್ನೆ ಅವುಗಳಲ್ಲಿ ಇರಲಿಲ್ಲ.

ಮೊಲ ಕೊಟ್ಟು ಎರಡು ವಾರವೂ ಆಗಿರಲಿಲ್ಲ, ಮಳೆಗೆ ಮುಂಚಿನ ಕುದಿಯುವ ದಿನಗಳಲ್ಲಿ ಒಂದು ಬೆಳಿಗ್ಗೆ ಕಾಲೋನಿಯ ಕಚೇರಿಗೆ ಫೋನು ಬಂತು. ಮೊಲ ಹುಲ್ಲು ಮೂಸುತ್ತಿಲ್ಲ, ಅಜ್ಜಿ ನಿಮ್ಮನ್ನು ಕರೆಯುತ್ತಿದ್ದಾರೆ ಎಂದು. ಸಿಕ್ಕ ಗಾಡಿಯಲ್ಲಿ ಹೋದೆ. ಮೊಲ ಬಾಲ ಮುದುಡಿ, ಬೆನ್ನು ಗೂನು ಮಾಡಿ, ಹಲ್ಲು ಕಡಿಯುತ್ತಿತ್ತು. ಹಲ್ಲು ಕಡಿಯುವುದು ಮೊಲದ ನರಳಿಕೆ. ಬೇರೆ ದನಿ ತೆಗೆಯುವುದು ಅಪರೂಪ. ನೆಲದ ಮೇಲೆ ಹಿಕ್ಕೆ ಇರಲಿಲ್ಲ. ಹೊಟ್ಟೆ ಮುಟ್ಟಿದರೆ ಕಲಸಿ ಒಣಗಿದ ಹಿಟ್ಟಿನಂತೆ ಗಟ್ಟಿ.

"ನಿನ್ನಿ ಎಷ್ಟು ತಿಂತು ಅವ್ವಾರ?"

"ನಿನ್ನಿ ಏಕಾದಶಿ ಅಲ್ಲೇನು ತಮ್ಮಾ?" ಅವರು ನನ್ನನ್ನು ತಿಳಿಯದವನಂತೆ ನೋಡಿದರು. "ಅದೂ ಜ್ಯೇಷ್ಠದ ಏಕಾದಶಿ. ನಾವ್ಯಾರೂ ನೀರು ಸುದ್ದಾ ಮುಟ್ಟಂಗಿಲ್ಲ. ಇದು ಅನ್ನ ಮುಟ್ಟದ ಜೀವ, ಕೂಸಿನಂಥಾದ್ದು. ಇದಕ್ಕೂ ಒಂದಿಷ್ಟು ಪುಣ್ಯ ಬರ್ಲಿ ಅಂತ ದಶಮಿ ಸಂಜೀಕೇ ಹುಲ್ಲು ತಗದಿಟ್ಟೆ. ಇವತ್ತ ನನಗಿಂತ ಮೊದಲ ಇದಕ್ಕೇ ಹಾಕೀನಿ. ಒಲ್ಲೆನ್ನಾಕತ್ತದ."

ದಶಮಿಯ ಸಂಜೆಯಿಂದ ದ್ವಾದಶಿಯ ಬೆಳಗಿನವರೆಗೆ, ಆ ಧಗೆಯಲ್ಲಿ, ಹುಲ್ಲಿಲ್ಲ, ನೀರಿಲ್ಲ. ಕಿವಿಗಳಿಗೆ ಒದ್ದೆ ಬಟ್ಟೆ ಸುತ್ತಿದೆ. ಬೆಲ್ಲ ಉಪ್ಪು ಬೆರೆಸಿದ ನೀರನ್ನು ಮಗುವಿಗೆ ಔಷಧ ಹಾಕುವ ಪಿಚಕಾರಿಯಿಂದ ಬಾಯಿಯ ಬದಿಯಲ್ಲಿ ಹನಿಹನಿಯಾಗಿ ಬಿಟ್ಟೆ. ಹೊಟ್ಟೆಯನ್ನು ಎರಡು ಬೆರಳಿನಿಂದ ಸುತ್ತುಸುತ್ತಾಗಿ ನೀವಿದೆ, ನೆಲದ ಮೇಲೆ ಬಿಟ್ಟು ನಡೆಸಿದೆ, ಮತ್ತೆ ನೀವಿದೆ. ದನದ ದವಾಖಾನೆಯ ವೈದ್ಯರು ಬಂದು ನೋಡಿ ಹೊಟ್ಟೆಯುಬ್ಬರವೆಂದು ಸೂಜಿ ಹಾಕಿದರು. ಎಮ್ಮೆಗೆ ಹಾಕುವುದರಲ್ಲಿ ಎಷ್ಟು ಇಳಿಸಬೇಕೆಂದು ನನ್ನನ್ನೇ ಕೇಳಿದರು. ಅಜ್ಜಿ ಪಾರಣೆಗೆ ಏಳಲಿಲ್ಲ.

"ಅವ್ವಾ, ಹೊತ್ತು ಮೀರ್ತದ, ಒಂದು ತುತ್ತು ತಿನ್ನು," ಎಂದು ಮಗ ಬಾಗಿಲಲ್ಲಿ ನಿಂತರು.

"ಅದು ತಿನ್ಲಿ ಮೊದಲ."

ಅದು ತಿನ್ನಲಿಲ್ಲ. ಬಿಸಿಲು ಬೇವಿನ ಆಚೆ ಸರಿಯುವ ಹೊತ್ತಿಗೆ ಹಿಂಗಾಲು ಚಾಚಿ, ಒಮ್ಮೆ ಕೊರಳೆತ್ತಿ, ನನ್ನ ಕೈಕೆಳಗೆ ಸಡಿಲವಾಯಿತು.

ಅಜ್ಜಿ ಕೇಳಿದರು: "ಏನಾಗಿತ್ತು ತಮ್ಮಾ ಅದಕ್ಕ?"

ಮಗ ನನ್ನ ಕಡೆ ನೋಡಿ ತಲೆಯಾಡಿಸಿದರು, ಬೇಡವೆಂದು. ಮುಪ್ಪಿನಾಕೆಗೆ ಸುಳ್ಳು ಹೇಳುವುದು ದಯೆಯೆಂದು ಎಲ್ಲರೂ ಹೇಳುತ್ತಾರೆ. ಕೇಳಿದವರಿಗೆ ಉತ್ತರ ಕೊಡಬೇಕೆಂಬುದು ನನ್ನ ನಂಬಿಕೆ.

"ಹಸಿವಿನಿಂದ ಸತ್ತದ ಅವ್ವಾರ. ಮೊಲಕ್ಕ ಉಪಾಸ ಆಗಂಗಿಲ್ಲ. ಕರಳು ನಿಂತುಬಿಡ್ತದ."

"ಏನ್ ಮಾತಾಡ್ತೀರಿ ಮುಕಾದಮ್ರೆ!" ಮಗ ಎರಡು ಹೆಜ್ಜೆ ಮುಂದೆ ಬಂದರು. "ವಯಸ್ಸಾದವ್ರ ಮುಂದ ಹಿಂಗ ಅಂತಾರೇನು?"

"ನೀ ಸುಮ್ಮಿರು." ಅಜ್ಜಿ ಮಗನ ಕಡೆ ತಿರುಗಲಿಲ್ಲ. ಬಹಳ ಹೊತ್ತು ಮೊಲದ ಮಾಗಿದ ಅಂಗಾಲನ್ನು ಸವರುತ್ತ ಕುಳಿತರು. ನಾನು ಬುಟ್ಟಿ ತೆಗೆದುಕೊಂಡು ಎದ್ದಾಗ ಹೇಳಿದರು: "ಬರೂ ಏಕಾದಶಿಗಿ ಇನ್ನೊಂದು ತಂದು ಕೊಡು. ನಾ ಉಪಾಸ ಇರ್ತೀನಿ, ಅದಕ್ಕ ಉಣಸ್ತೀನಿ. ನೀನೇ ಎದುರಿಗಿ ಕುಂತು ನೋಡು."

ಸೀದಾ ನಿಲ್ದಾಣದ ದಾರಿ ಹಿಡಿದೆ. ಸಿಟ್ಟಿತ್ತು. ಆದರೆ ದಿನಗಳು ಕಳೆದಂತೆ ಲೆಕ್ಕ ಬೇರೆಯಾಯಿತು. ಮನೆ ನೋಡುವ ನನ್ನ ಪದ್ಧತಿಯಲ್ಲಿ ಪಾಸಾದ ಮನೆಗಳೆಲ್ಲ ಪರೀಕ್ಷೆಯಾಗದ ಮನೆಗಳು. ಮೊಲವನ್ನು ಇನ್ನೆಂದೂ ಹಸಿಯಲು ಬಿಡದ ಮನೆ ಎಂದು ನಾನು ಆಣೆಯಿಟ್ಟು ಹೇಳಬಹುದಾದದ್ದು ಇಡೀ ಸೀಮೆಯಲ್ಲಿ ಅದೊಂದೇ. ಸತ್ತದ್ದರ ಮಗಳನ್ನೇ, ಮೂಗಿನ ಮೇಲೆ ಬೂದು ಮಚ್ಚೆಯಿದ್ದುದನ್ನು, ಆಕೆಗೆ ಕೊಡುವುದೆಂದು ನಿಶ್ಚಯಿಸಿದೆ. ಉಳಿದವುಗಳಿಗೂ ಮನೆಗಳು ಒಂದೊಂದಾಗಿ ಕೂಡಿಬರುತ್ತಿದ್ದವು. ಮಳೆ ಇನ್ನೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಕಥೆ ನನಗಿಂತ ಮೊದಲೇ ಪ್ರಯಾಣ ಹೊರಟಿತ್ತು. ತಾಯಿಯ ಮನಸ್ಸು ಹಗುರಾಗಲೆಂದು ಮಾಸ್ತರು ಗುಡಿಯಲ್ಲಿ ಹೇಳಿದರಂತೆ: "ಏಕಾದಶಿ ದಿನ ಹುಲ್ಲು ಮುಟ್ಟಲಿಲ್ಲ, ದ್ವಾದಶಿಗೆ ದೇಹ ಬಿಟ್ಟಿತು." ಹಿಡಿದು ತೂಗಿದರೆ ಒಂದು ಮಾತೂ ಸುಳ್ಳಲ್ಲ. ಕೇಳಿದವರು ಕೈಮುಗಿದರು. ಕೈಮುಗಿದವರು ಮನೆಗೆ ಹೋಗಿ ಹೇಳಿದರು. ಕಾಲೋನಿಗೆ ಬರುವ ಹೊತ್ತಿಗೆ ಮೊಲ ತಾನೇ ಹುಲ್ಲನ್ನು ಮೂತಿಯಿಂದ ದೂರ ತಳ್ಳಿತ್ತು.

ಮುಂದಿನ ಏಕಾದಶಿಯ ಹಿಂದಿನ ದಿನ, ದಶಮಿಯಂದು, ನಾನು ಶಹಾಬಾದಕ್ಕೆ ಹೋಗಿದ್ದೆ, ನವಾಬನ ಉಗುರು ಕತ್ತರಿಸಲು. ಅದು ಮಡಕೆಯ ಪಕ್ಕ ಕಾಲು ಚಾಚಿ ಮಲಗಿ, ನನ್ನ ಕೈಗೆ ಒದ್ದು, ಮನೆಯಾಕೆಯಿಂದ ಬೈಸಿಕೊಂಡಿತು. ಕತ್ತಲಾಗುವ ಮುಂಚೆ ಕಾಲೋನಿಗೆ ಮರಳಿದರೆ ಬೇಲಿಯ ಬಾಗಿಲು ತೆರೆದಿತ್ತು. ಒಳಗೆ ಒಣಹುಲ್ಲು, ನೀರಿನ ಬೋಗುಣಿ ಇದ್ದವು; ಮೊಲಗಳಿರಲಿಲ್ಲ. ಕಾರ್ಯದರ್ಶಿಗಳು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಬರ್ರಿ ಮುಕಾದಮ್ರೆ, ಕುಂದ್ರಿ. ಸೇಡಂ ಮೊಲದ ಸುದ್ದಿ ಕೇಳಿ ನಮ್ಮ ಸಮಿತಿಯವ್ರಿಗಿ ಮನಸ್ಸು ತಡೀಲಿಲ್ಲ. ಇಂಥಾ ಪುಣ್ಯದ ಜೀವ ಪಂಜರದಾಗ ಇಡೂದು ಪಾಪ ಅಂದ್ರು. ಮುಂಜಾನೆ ಜೀಪು ಹೋಗ್ಯದ."

"ಮಳಿ ಬೀಳೂ ತನಕ ಅಂದಿದ್ರಲ್ರಿ."

"ಏಕಾದಶಿ ಮುಂದ ಬಿಟ್ರ ಛಲೋ ಅಂದ್ರು. ಸಿಟ್ಟಾಗಬ್ಯಾಡ್ರಿ. ಅಡವಿ ಅದ, ಹೊಳಿ ಅದ, ಹುಲ್ಲದ."

ಮರುದಿನ ಮೊದಲ ಬಸ್ಸಿಗೆ ಚಿಂಚೋಳಿಗೆ ಹೋಗಿ, ಅಲ್ಲಿಂದ ಚಂದ್ರಂಪಳ್ಳಿ ಮುಟ್ಟಿದೆ. ಕೈಯಲ್ಲಿ ಖಾಲಿ ಬುಟ್ಟಿ. ಕೆರೆಯ ಏರಿಯ ಕೆಳಗೆ ಕುರಿ ಕಾಯುವವನೊಬ್ಬ ಸಿಕ್ಕ. ಕೇಳಿದ ಕೂಡಲೇ ಕೋಲಿನಿಂದ ಜಾಗ ತೋರಿಸಿದ.

"ಇಲ್ಲೇ ಸುರುವಿ ಹೋದ್ರು ನೋಡ್ರಿ. ಅವೇನ್ ಮೊಲಾನ್ರಿ? ಓಡಲೇ ಇಲ್ಲ. ಜೀಪು ಹೊಂಟ್ರ ಜೀಪಿನ ಹಿಂದ ಹೊಂಟ್ವು. ಆಮ್ಯಾಲ ನನ್ನ ಕಾಲ ಹತ್ರ ಬಂದು ಕುಂತ್ವು. ನನ್ನ ನಾಯಿ ನಾ ಹಿಡಕೊಂಡೆ, ಉಳಿದ ಊರನಾಯಿ ಹೆಂಗ ಹಿಡೀಲಿ?"

ಕಂಟಿಯ ಮುಳ್ಳಿನಲ್ಲಿ ಬಿಳಿ ತುಪ್ಪಳವಿತ್ತು. ಬಿಸಿಲೇರುವವರೆಗೆ ಕಂಟಿ ಕಂಟಿ ಬಗ್ಗಿ ನೋಡಿದೆ. ಬೂದು ಮಚ್ಚೆಯದು ಸಿಗಲಿಲ್ಲ. ಸಿಕ್ಕವನ್ನು ಗುರುತು ಹಿಡಿಯುವಂತೆಯೂ ಇರಲಿಲ್ಲ.

ಸಂಜೆಗೆ ಸೇಡಂನಲ್ಲಿಳಿದೆ. ಹೋಗದಿದ್ದರೂ ನಡೆಯುತ್ತಿತ್ತು, ಮಾತು ಕೊಟ್ಟಿರಲಿಲ್ಲ. ಅಜ್ಜಿ ತುಳಸಿಕಟ್ಟೆಯ ಮೇಲೆ ಕುಳಿತಿದ್ದರು. ಉಪವಾಸದಿಂದ ತುಟಿ ಒಣಗಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆ ಹೊದಿಸಿದ ಗರಿಕೆಯ ಹೊರೆ, ತುಂಬಿದ ಬೋಗುಣಿ.

"ಬಾ ತಮ್ಮಾ. ಮುಂಜಾನಿಂದ ನೀರು ಚಿಮಕಸಲಿಕತ್ತೀನಿ. ಬಾಡಿಲ್ಲ ನೋಡು."

ಬುಟ್ಟಿಯನ್ನು ಕೆಳಗಿಟ್ಟೆ. ಅವರು ಮುಚ್ಚಳ ತೆಗೆದು ಒಳಗೆ ನೋಡಿದರು. ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ.

"ನನ್ನ ಮೊಲದ ಕಥಿ ಕೇಳಿ ಅವನ್ನ ಅಡವಿಗಿ ಬಿಟ್ರೇನು?"

"ಹೌದ್ರಿ ಅವ್ವಾರ."

ಪಡಸಾಲೆಯಲ್ಲಿ ಮಾಸ್ತರು ಯಾರೋ ಪರಸ್ಥಳದ ಅತಿಥಿಗಳೊಡನೆ ಕುಳಿತಿದ್ದರು. ಅವರ ಸ್ವರ ಹಿತ್ತಲಿಗೆ ಕೇಳುತ್ತಿತ್ತು: "...ಇದೇ ಕಟ್ಟಿ ಹತ್ರ ನೋಡ್ರಿ. ಇಡೀ ದಿನ ಹುಲ್ಲು ಮುಟ್ಟಲಿಲ್ಲ."

ಅಜ್ಜಿ ಕಟ್ಟೆಗೆ ಕೈಯೂರಿ ಎದ್ದು ನಿಂತರು. ಅಷ್ಟು ದೊಡ್ಡ ದನಿ ಆ ದೇಹದಲ್ಲಿದೆಯೆಂದು ನಾನೆಣಿಸಿರಲಿಲ್ಲ.

"ಹಾಕಿದ್ದಿಲ್ಲೋ! ನಾ ಹುಲ್ಲು ಹಾಕಿದ್ದಿಲ್ಲ!"

ಅತಿಥಿಗಳು ಬಾಗಿಲಿಗೆ ಬಂದು, ಆಕೆಯ ಕಡೆಗೊಮ್ಮೆ, ಕಟ್ಟೆಯ ಕಡೆಗೊಮ್ಮೆ ಕೈಮುಗಿದರು.

"ಪಾಪ, ಭಾಳ ಹಚ್ಚಿಕೊಂಡಿದ್ರು ಕಾಣಸ್ತದ," ಎಂದರು. "ದುಃಖದಾಗ ಹಂಗೇ ಅಂತಾರ."